ಪ್ರಶ್ನೋತ್ತರ: ‘ಹೀಗೆ ನಿಲ್ಲಿ’ ಎನ್ನದೆ ಮದುವೆಯ ಫೋಟೊ ತೆಗೆದು ಬದುಕಬಹುದೇ?

ಪ್ರಶ್ನೆ, ಗದಗ-ಬೆಟಗೇರಿಯಿಂದ:

ನಮಸ್ಕಾರ ಅಣ್ಣಾವರೇ. ನನಗೆ 23 ವರ್ಷ, ಬಿ.ಕಾಂ. ಮುಗಿದಿದೆ. ಗೆಳೆಯನ ಅಕ್ಕನ ಮದುವೆಯಲ್ಲಿ ಹಳೆಯ ಕ್ಯಾಮೆರಾ ಹಿಡಿದು ಓಡಾಡಿದೆ. ಸ್ಟೇಜಿನ ಮೇಲಿನವು ಒಂದೂ ನೆಟ್ಟಗೆ ಬರಲಿಲ್ಲ. ಆದರೆ ಅಡುಗೆ ಒಲೆಯ ಹಿಂದೆ ತೆಗೆದದ್ದೊಂದು, ಅಕ್ಕಿಮೂಟೆಗೆ ಒರಗಿ ನಿದ್ದೆ ಹೋದ ಮದುಮಗನ ತಮ್ಮನದೊಂದು, ಇವೆರಡನ್ನೂ ಆ ಮನೆಯವರು ದೊಡ್ಡದು ಮಾಡಿಸಿ ಗೋಡೆಗೆ ಹಾಕಿಕೊಂಡಿದ್ದಾರೆ. ಯಾರನ್ನೂ ನಿಲ್ಲಿಸದೆ, ನಡೆದದ್ದನ್ನು ನಡೆದ ಹಾಗೆ ತೆಗೆಯುವ ಸಾಕ್ಷ್ಯಚಿತ್ರ ಶೈಲಿಯನ್ನೇ ವೃತ್ತಿ ಮಾಡಿಕೊಳ್ಳುವ ಆಸೆ. ಅಪ್ಪ ಬ್ಯಾಂಕ್ ಪರೀಕ್ಷೆಗೆ ಓದು ಎನ್ನುತ್ತಾರೆ. ನಮ್ಮ ಕಡೆ ಇದರಿಂದ ಹೊಟ್ಟೆ ತುಂಬುತ್ತದೆಯೇ? ಯಾವ ಕ್ಯಾಮೆರಾ ಕೊಳ್ಳಲಿ?

ಉತ್ತರ, ಹುಬ್ಬಳ್ಳಿಯಿಂದ, ಹದಿನಾರು ವರ್ಷಗಳಿಂದ ಮದುವೆ ಫೋಟೊ ಕೆಲಸ:

ತಮ್ಮಾ, ಕ್ಯಾಮೆರಾ ಇದ್ದದ್ದೇ ಇರಲಿ. ಕಡಿಮೆ ಬೆಳಕಿನಲ್ಲೂ ಕೆಲಸ ಮಾಡುವ 35 ಎಂ.ಎಂ. ಎಫ್ 1.8ರ ಒಂದು ಲೆನ್ಸ್ ಸಿಕ್ಕರೆ ಎರಡು ವರ್ಷ ಬೇರೇನೂ ಬೇಡ.

ಮೊದಲು ಒಂದು ಮಾತು. ನಮ್ಮಲ್ಲಿ ಗಿರಾಕಿಗಳು ‘ಕ್ಯಾಂಡಿಡ್ ಬೇಕು’ ಎಂದರೆ ಎಷ್ಟೋ ಸಲ ಅವರ ಮನಸ್ಸಿನಲ್ಲಿ ಇರುವುದು ಮದುಮಗಳು ಕಿಟಕಿಯ ಕಡೆ ನೋಡಿ ನಗುವ ಫೋಟೊ. ‘ಕ್ಯಾಮೆರಾ ನೋಡಬೇಡಿ’ ಎಂದು ಹೇಳಿ ತೆಗೆದರೆ ಅದೂ ನಿಲ್ಲಿಸಿ ತೆಗೆದದ್ದೇ. ನೀನು ಕೇಳುತ್ತಿರುವ ಕೆಲಸ ಬೇರೆ. ಅದಕ್ಕೆ ಬೇಕಾದದ್ದು ಮುಂದೆ ಏನು ನಡೆಯುತ್ತದೆ ಎಂಬ ತಿಳಿವಳಿಕೆ.

ಮದುವೆಗೆ ಮುನ್ನ ಅರಿಶಿಣ ಹಚ್ಚಿ ನೀರೆರೆಯುವ ಸುರಗಿ ಶಾಸ್ತ್ರವನ್ನೇ ತೆಗೆದುಕೋ. ಅಂಗಳದಲ್ಲಿ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ, ಅವುಗಳ ಕೊರಳಿಗೆ ಸುತ್ತುತ್ತಿರುವ ನೂಲು, ನಡುವೆ ಮಣೆಯ ಮೇಲೆ ಅರಿಶಿಣ ಮೆತ್ತಿಸಿಕೊಂಡು ಕೂತವರು. ಹೊಸಬರು ಮದುಮಗಳ ಮುಖಕ್ಕೇ ಫೋಕಸ್ ಇಟ್ಟು ಕಾಯುತ್ತಾರೆ. ನಾನು ನೂಲು ಸುತ್ತುವ ಅಜ್ಜಿಯ ಕೈ ನೋಡುತ್ತಿರುತ್ತೇನೆ. ಕೊನೆಯ ಸುತ್ತಿಗೆ ಬಂದಾಗ ಆ ಕೈ ನಿಧಾನವಾಗುತ್ತದೆ, ಹಾಡು ಹೇಳುವವರ ದನಿ ಏರುತ್ತದೆ. ಇನ್ನು ನೀರು ಬೀಳುವುದೇ ಬಾಕಿ. ಬಿದ್ದೊಡನೆ ಪಕ್ಕದಲ್ಲಿ ಕೂಡಿಸಿದ ಚಿಕ್ಕ ಹುಡುಗ ಎದ್ದು ಓಡುತ್ತಾನೆ, ಸೋದರತ್ತೆ ಅವನ ಚಡ್ಡಿ ಹಿಡಿದು ಎಳೆಯುತ್ತಾಳೆ. ಆ ಫೋಟೊ ಬೇಕೆಂದರೆ ಹುಡುಗ ಓಡುವ ದಿಕ್ಕಿನಲ್ಲಿ ನೀನು ಮೊದಲೇ ಕುಕ್ಕರಗಾಲಿನಲ್ಲಿ ಕೂತಿರಬೇಕು. ಓಡಿದ ಮೇಲೆ ಎದ್ದು ಹೋದರೆ ಸಿಗುವುದು ಒದ್ದೆ ನೆಲ ಮಾತ್ರ. ಒಂದೊಂದು ಮನೆತನದ್ದು ಒಂದೊಂದು ಪದ್ಧತಿ, ಹಾಗಾಗಿ ಹಿಂದಿನ ದಿನವೇ ಹೋಗಿ ಮನೆಯ ಹಿರಿಯ ಹೆಂಗಸರ ಹತ್ತಿರ ಕೂತು ಯಾವುದರ ನಂತರ ಯಾವುದು ಎಂದು ಕೇಳಿ ಬರೆದುಕೋ. ನಿಕಾಹ್ ಆದರೂ ಚರ್ಚಿನ ಮದುವೆಯಾದರೂ ಇದೇ ದಾರಿ.

ಹಾಗೆಂದು ಗ್ರೂಪ್ ಫೋಟೊ ನನ್ನ ಶೈಲಿಯಲ್ಲ ಎಂದು ಬಿಡಬೇಡ. ಮದುಮಗಳ ಸೋದರಮಾವ ಆಲ್ಬಮ್ಮಿನಲ್ಲಿ ಇಲ್ಲದೆ ಹೋದರೆ ನಿನ್ನ ಕಲೆಯನ್ನು ಯಾರೂ ಕೇಳುವುದಿಲ್ಲ. ಅರ್ಧ ಗಂಟೆ ಅದಕ್ಕೆ ಕೊಡು, ಉಳಿದ ದಿನ ನಿನ್ನದು.

ಕಲ್ಯಾಣ ಮಂಟಪದ ಬೆಳಕು ದೊಡ್ಡ ತಲೆನೋವು. ನಮ್ಮ ವಿದ್ಯುತ್ತು 50 ಹರ್ಟ್ಸ್, ಅಂದರೆ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಕೆಲವು ಅಗ್ಗದ ಎಲ್‌ಇಡಿಗಳೂ ಹಾಗೆಯೇ. ಶಟರ್ ವೇಗವನ್ನು ಸೆಕೆಂಡಿನ 1/100ಕ್ಕೆ ಇಟ್ಟರೆ ಫೋಟೊದಲ್ಲಿ ಕಪ್ಪು ಪಟ್ಟೆಗಳ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 3200ಕ್ಕೆ ಹೋಗಿ ಫೋಟೊ ಸ್ವಲ್ಪ ಕಾಳುಕಾಳಾದರೂ ಹೆದರಬೇಡ. ವಿಡಿಯೊದವರಿಗೆ ಬೆಳಿಗ್ಗೆಯೇ ಚಹಾ ಕುಡಿಸಿ ಸ್ನೇಹ ಮಾಡಿಕೋ. ಅಕ್ಷತೆಯ ಹೊತ್ತಿಗೆ ಅವರು ತಮ್ಮ ದೊಡ್ಡ ಲೈಟನ್ನು ಮದುಮಕ್ಕಳ ಮುಖಕ್ಕೆ ಹಿಡಿದರೆ ನಿನ್ನ ಕೆಲಸ ಮುಗಿದಂತೆ.

ಇನ್ನು ಹೊಟ್ಟೆಯ ಮಾತು. ಮೊದಲ ವರ್ಷ ಯಾರಾದರೊಬ್ಬರ ಕೈಕೆಳಗೆ ಸಹಾಯಕನಾಗಿ ಹೋಗು. ನನಗೆ ಮೊದಲ ಮದುವೆಗೆ ಸಿಕ್ಕಿದ್ದು 300 ರೂಪಾಯಿ, ಜೊತೆಗೆ ಊಟ. ಮಠಗಳಲ್ಲಿ ನಡೆಯುವ ಸಾಮೂಹಿಕ ವಿವಾಹಕ್ಕೆ ಕೇಳಿಕೊಂಡು ಹೋಗು. ಒಂದೇ ಬೆಳಿಗ್ಗೆ ಹತ್ತಾರು ತಾಳಿ ಕಟ್ಟುವುದನ್ನು ಬೇರೆಲ್ಲಿ ನೋಡುತ್ತೀಯ? ಒಂದು ತಪ್ಪಿದರೆ ಮುಂದಿನದು ಇದೆ.

ಆರ್ಡರ್ ಒಪ್ಪಿಕೊಳ್ಳುವಾಗ ಲೆಕ್ಕ ಸರಿಯಾಗಿ ಹಾಕು. ಎರಡು ದಿನದ ಮದುವೆಯಲ್ಲಿ ನಾನು 3,000 ಫೋಟೊ ತೆಗೆದರೆ ಮನೆಯವರಿಗೆ ಕೊಡುವುದು 400. ಆರಿಸಿ, ಬಣ್ಣ ತಿದ್ದಿ, ಆಲ್ಬಮ್ ಜೋಡಿಸುವುದಕ್ಕೆ ಇನ್ನೂ ಆರು ದಿನ. ಎಂಟು ದಿನದ ದುಡಿಮೆಗೆ ಎರಡು ದಿನದ ಕೂಲಿ ಹೇಳುವವರು ಎರಡನೇ ವರ್ಷಕ್ಕೆ ಕ್ಯಾಮೆರಾ ಮಾರುತ್ತಾರೆ. ತುಳಸಿ ಲಗ್ನದ ನಂತರ ಕೈತುಂಬ ಕೆಲಸ. ಧನುರ್ಮಾಸ, ಆಷಾಢ, ಪಿತೃಪಕ್ಷದಲ್ಲಿ ಮುಹೂರ್ತಗಳಿಲ್ಲ, ದುಡ್ಡೂ ಇಲ್ಲ. ಆ ಖಾಲಿ ತಿಂಗಳುಗಳಲ್ಲಿ ಬ್ಯಾಂಕ್ ಪರೀಕ್ಷೆಗೆ ಓದು, ಅಪ್ಪನ ಮಾತೂ ನಡೆದಂತಾಗುತ್ತದೆ. ತಮಾಷೆಗೆ ಹೇಳುತ್ತಿಲ್ಲ.

ಕಾರ್ಡ್‌ ವಿಷಯದಲ್ಲಿ ಜಿಪುಣತನ ಬೇಡ. ಶುರುವಿನ ವರ್ಷಗಳಲ್ಲಿ ಒಂದೇ ಮೆಮೊರಿ ಕಾರ್ಡ್ ನಂಬಿ ಹೋಗಿದ್ದೆ, ಅದು ಕೈಕೊಟ್ಟಿತು. ಅರಿಶಿಣದಿಂದ ಅಕ್ಷತೆಯವರೆಗೆ ಏನೂ ಉಳಿಯಲಿಲ್ಲ. ಅಡ್ವಾನ್ಸ್ ಹಿಂದಿರುಗಿಸಲು ಹೋದಾಗ ಅವರು ಬೈಯಲಿಲ್ಲ, ನೀರು ಕೊಟ್ಟು ಕೂಡಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಇಂದಿಗೂ ಆ ಓಣಿಯಲ್ಲಿ ಗಾಡಿ ನಿಧಾನ ಮಾಡುವುದಿಲ್ಲ. ಈಗ ಎರಡು ಕಾರ್ಡ್‌ಗಳಲ್ಲಿ ಒಟ್ಟಿಗೇ ಬರೆಯುವ ಕ್ಯಾಮೆರಾ ಇದೆ, ರಾತ್ರಿಯೇ ಎರಡು ಹಾರ್ಡ್‌ಡಿಸ್ಕ್‌ಗೆ ಇಳಿಸಿ ಒಂದನ್ನು ತಂಗಿಯ ಮನೆಯಲ್ಲಿ ಇಡುತ್ತೇನೆ.

ಪ್ರತಿಕ್ರಿಯೆ, ಹಾವೇರಿಯ ಹಿರಿಯರೊಬ್ಬರಿಂದ:

ಇದೆಲ್ಲ ಈಗಿನ ಹೊಸ ಹುಚ್ಚು. ನಮ್ಮ ಕಾಲದಲ್ಲಿ ನೆಟ್ಟಗೆ ನಿಂತು ತೆಗೆಸಿಕೊಳ್ಳುತ್ತಿದ್ದೆವು, ಮುಖವಾದರೂ ಕಾಣುತ್ತಿತ್ತು.

ಉತ್ತರ:

ಕಾಕಾ, ನೀವು ಹೇಳುವುದರಲ್ಲಿ ನಿಜವಿದೆ. ಆದರೆ ಹುಚ್ಚು ಅಷ್ಟು ಹೊಸದಲ್ಲ. ಇದು ಪತ್ರಿಕಾ ಛಾಯಾಗ್ರಾಹಕರಿಂದ ಬಂದ ರೀತಿ. 1996ರಲ್ಲಿ ಅಮೆರಿಕದ ಕಂಬರ್‌ಲ್ಯಾಂಡ್ ದ್ವೀಪದಲ್ಲಿ ಅಧ್ಯಕ್ಷ ಕೆನಡಿಯವರ ಮಗನ ಮದುವೆ ಗುಟ್ಟಾಗಿ ನಡೆಯಿತು. ಪುಟ್ಟ ಚರ್ಚಿನಿಂದ ಹೊರಬರುತ್ತ ಅವರು ಹೆಂಡತಿಯ ಕೈಗೆ ಮುತ್ತಿಟ್ಟ ಕ್ಷಣವನ್ನು ಡೆನಿಸ್ ರೆಗ್ಗಿ ತೆಗೆದರು. ಮಬ್ಬುಗತ್ತಲಲ್ಲಿ ತೆಗೆದ ಆ ಒಂದೇ ಫೋಟೊ ಜಗತ್ತನ್ನೆಲ್ಲ ಸುತ್ತಿತು. ಅಷ್ಟು ದೂರವೂ ಬೇಡ, ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರು ತೆಗೆದ ಮಕ್ಕಳ ಫೋಟೊಗಳನ್ನು ನೋಡಿ. ಯಾರಿಗೂ ‘ನಗು’ ಎಂದು ಹೇಳಿದಂತೆ ಕಾಣುವುದಿಲ್ಲ.

ಪ್ರಶ್ನೆ, ರಾಣೆಬೆನ್ನೂರಿನಿಂದ:

ಸರ್, ಹೆಣ್ಣುಮಕ್ಕಳಿಗೆ ಈ ಕೆಲಸ ಆಗುತ್ತದೆಯೇ? ಇನ್ನೊಂದು, ತೆಗೆದ ಫೋಟೊಗಳನ್ನು ಇನ್‌ಸ್ಟಾಗ್ರಾಮಿಗೆ ಹಾಕಿಕೊಳ್ಳಬಹುದೇ?

ಉತ್ತರ:

ಆಗುತ್ತದೆ ತಂಗಿ, ಮದುಮಗಳಿಗೆ ಸೀರೆ ಉಡಿಸುವ ಕೋಣೆಯ ಬಾಗಿಲಲ್ಲಿ ನಾನು ನಿಂತುಬಿಡುತ್ತೇನೆ, ನೀವು ಒಳಗೆ ಹೋಗುತ್ತೀರಿ. ಅರ್ಧ ಮದುವೆ ಇರುವುದೇ ಆ ಕೋಣೆಯಲ್ಲಿ. ರಾತ್ರಿ ಉಳಿಯಲು ಬೇರೆ ಕೋಣೆ, ಮನೆ ಮುಟ್ಟಿಸಲು ಗಾಡಿ, ಇವೆರಡನ್ನೂ ಬುಕಿಂಗ್ ಸಮಯದಲ್ಲೇ ಬರೆಸಿಕೊಳ್ಳಿ. ನಾಚಿಕೆ ಬೇಡ.

ಎರಡನೆಯದು ಬಹಳ ಜನರಿಗೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಬೇರೆ ಒಪ್ಪಂದ ಇಲ್ಲದಿದ್ದರೆ ಹಣ ಕೊಟ್ಟು ತೆಗೆಸಿದವರೇ ಫೋಟೊದ ಮೊದಲ ಹಕ್ಕುದಾರರು. ಶಟರ್ ಒತ್ತಿದ್ದು ನಾವೇ ಇರಬಹುದು, ಹಕ್ಕು ಅವರದು. ಆದ್ದರಿಂದ ಪ್ರಚಾರಕ್ಕೆ ಬಳಸಲು ಒಪ್ಪಿಗೆ ಎಂಬ ಒಂದು ಸಾಲನ್ನು ಕರಾರಿನಲ್ಲಿ ಸೇರಿಸಿ, ಸಹಿ ಹಾಕಿಸಿ. ಸಹಿ ಇದ್ದರೂ ಅಳುತ್ತಿರುವವರ ಫೋಟೊ ಹಾಕುವ ಮುಂಚೆ ನಾನು ಒಂದು ಫೋನ್ ಮಾಡುತ್ತೇನೆ.

ಬೆಟಗೇರಿಯ ಪ್ರಶ್ನೆಕಾರ:

ಅಣ್ಣಾವರೇ, ಒಂದು ಮದುವೆಗೆ ನಿಮ್ಮ ಜೊತೆ ಬರಬಹುದೇ? ದುಡ್ಡು ಬೇಡ.

ಉತ್ತರ:

ದುಡ್ಡು ಬೇಡ ಎಂದು ಯಾರಿಗೂ ಹೇಳಬೇಡ, ನನಗೂ ಹೇಳಬೇಡ. ಮುಂದಿನ ಗುರುವಾರ ಅಣ್ಣಿಗೇರಿಯಲ್ಲಿ ಕೆಲಸವಿದೆ, ಬೆಳಗಿನ 5ಕ್ಕೆ ಸುರಗಿ. ಫೋಟೊದವರೆಂದರೆ ಕರಿ ಅಂಗಿ ಎಂಬ ಫ್ಯಾಷನ್ ಇಲ್ಲಿ ನಡೆಯುವುದಿಲ್ಲ, ಮದುವೆಮನೆಯ ಅಜ್ಜಿಯರು ಮುಖ ಸಿಂಡರಿಸುತ್ತಾರೆ. ತಿಳಿ ಬಣ್ಣದ್ದು ಹಾಕಿಕೋ. ಶೂ ಬೇಡ, ಹತ್ತು ಸಲ ಬಿಚ್ಚಿ ಹಾಕಲು ಬರುವ ಚಪ್ಪಲಿ ಇರಲಿ.