ಹೆಗಲು ಮುಟ್ಟುವ ಗುಂಗುರು ಕೂದಲು, ಆಡಿಟ್ ಕೆಲಸ, ಎದುರಿಗೆ ಬಡ್ತಿ: ಕತ್ತರಿ ಹಾಕಿಸಬೇಕಾ?

ಗುಂಗುರುತಲೆ:

ನಾನು ಆಡಿಟ್ ಕಂಪನಿಯೊಂದರಲ್ಲಿ ಸೀನಿಯರ್ ಮ್ಯಾನೇಜರ್. ಹುಟ್ಟಿನಿಂದ ಗುಂಗುರು ಕೂದಲು, ಈಗ ಹೆಗಲು ಮುಟ್ಟುತ್ತದೆ. ಕೆಲಸಕ್ಕೆ ಹೋಗುವಾಗ ಹಿಂದಕ್ಕೆ ಬಾಚಿ ಗಂಟು ಹಾಕಿಕೊಂಡು ಹೋಗುತ್ತೇನೆ. ಕೋಟು, ಟೈ, ಶೂ ಎಲ್ಲ ಉಳಿದವರ ಹಾಗೆಯೇ. ಈ ಸಲ ಡೈರೆಕ್ಟರ್ ಹುದ್ದೆಗೆ ನನ್ನ ಹೆಸರು ಹೋಗಿದೆ. ಮೂರು ಜನ ಪಾರ್ಟ್‌ನರ್‌ಗಳ ಪ್ಯಾನೆಲ್ ಮುಂದೆ ಕೂರಬೇಕು.

ಹೋದ ವಾರ ಲಿಫ್ಟ್‌ನಲ್ಲಿ ಒಬ್ಬರು ಪಾರ್ಟ್‌ನರ್ ಸಿಕ್ಕರು. ನನ್ನ ಕೆಲಸ ಮೆಚ್ಚುವವರೇ. "ಪ್ಯಾನೆಲ್‌ಗೆ ಮುಂಚೆ ಒಂದು ಕಟಿಂಗ್ ಮಾಡಿಸಿಬಿಡಿ. ನನಗೇನೂ ತೊಂದರೆ ಇಲ್ಲಪ್ಪ, ಕ್ಲೈಂಟ್‌ಗಳು ಏನಂದುಕೊಳ್ಳುತ್ತಾರೋ" ಎಂದರು. ಯಾವ ಕ್ಲೈಂಟ್ ಅಂತ ಕೇಳುವಷ್ಟರಲ್ಲಿ ಬಾಗಿಲು ತೆರೆಯಿತು, ಅವರು ಇಳಿದು ಹೋದರು. ನನ್ನ ಕ್ಲೈಂಟ್‌ಗಳಲ್ಲಿ ಯಾರೂ ಇವತ್ತಿನವರೆಗೆ ನನ್ನ ತಲೆ ಬಗ್ಗೆ ದೂರು ಹೇಳಿಲ್ಲ. ಒಬ್ಬರು ಸಿಎಫ್‌ಒ (ಕಂಪನಿಯ ಹಣಕಾಸು ಮುಖ್ಯಸ್ಥರು) ಮಾತ್ರ ಯಾವ ಶಾಂಪೂ ಹಾಕುತ್ತೀರಿ ಎಂದು ಕೇಳಿದ್ದರು. ಅವರ ಮಗನದೂ ಇದೇ ಥರದ ಕೂದಲಂತೆ.

ನೇರ ಕೂದಲಿನವರಿಗೆ ಒಂದು ವಿಷಯ ಗೊತ್ತಿರುವುದಿಲ್ಲ. ಗುಂಗುರು ಕೂದಲು ಕತ್ತರಿಸಿದರೆ ಮಲಗುವುದಿಲ್ಲ, ಎದ್ದು ನಿಲ್ಲುತ್ತದೆ. ಒದ್ದೆ ಇದ್ದಾಗ ಬೆನ್ನಿಗೆ ಇಳಿಯುವ ನನ್ನ ಕೂದಲು ಒಣಗಿದ ಮೇಲೆ ಸುರುಳಿ ಸುತ್ತಿಕೊಂಡು ಹೆಗಲಿಗೇ ನಿಲ್ಲುತ್ತದೆ. ಕಿವಿಯ ಮಟ್ಟಕ್ಕೆ ಬಿಟ್ಟರಂತೂ ಎರಡೂ ಕಡೆ ಉಬ್ಬಿಕೊಂಡು ತಲೆಯೇ ಎರಡರಷ್ಟು ಅಗಲ ಕಾಣುತ್ತದೆ. ಇರುವುದು ಎರಡೇ ದಾರಿ: ಮೆಷಿನ್ ಹಾಕಿ ನುಣ್ಣಗೆ ತೆಗೆಸಬೇಕು, ಇಲ್ಲಾ ಕಟ್ಟುವಷ್ಟು ಬೆಳೆಸಬೇಕು. ನೀಟಾಗಿ ಕಾಣಲಿ ಅಂತಲೇ ನಾನು ಬೆಳೆಸಿದ್ದು. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ.

ಬ್ಯಾಂಕ್, ಲಾ, ಆಡಿಟ್, ಇನ್ಶೂರೆನ್ಸ್, ಇಂಥ ಕಡೆ ಇರುವವರು ಹೇಳಿ. ಉದ್ದ ಕೂದಲಿನಿಂದ ನಿಜವಾಗ್ಲೂ ಬಡ್ತಿ ತಪ್ಪುತ್ತಾ, ಅಥವಾ ಇದು ಸುಮ್ನೆ ನಮ್ಮ ತಲೆಯೊಳಗಿನ ಭಯವಾ?

ಖಡಕ್ ಮಾತು:

ಕತ್ತರಿಸಿ ಬಿಡು ಗುರು. ಡೈರೆಕ್ಟರ್ ಆಗು, ಆಮೇಲೆ ಸೊಂಟದವರೆಗೆ ಬೆಳೆಸು. ಯಾರು ಕೇಳುತ್ತಾರೆ?

ಎಚ್‌ಆರ್ ಅಕ್ಕ:

ತಲೆಯೊಳಗಿನ ಭಯ ಅಲ್ಲ ತಮ್ಮಾ. ಆದರೆ ನೀನು ಅಂದುಕೊಂಡ ರೀತಿಯಲ್ಲಿ ಅದು ಬರುವುದಿಲ್ಲ.

ಪ್ಯಾನೆಲ್ ಮುಗಿದ ಮೇಲೆ ಫಾರ್ಮ್ ತುಂಬಿಸಿಕೊಳ್ಳುವುದು ನನ್ನ ಕೆಲಸ. ಅದರಲ್ಲಿ 'ಕೂದಲು' ಅನ್ನುವ ಪದವನ್ನು ಯಾರೂ ಬರೆಯುವುದಿಲ್ಲ. 'ಪಾಲಿಶ್ ಸಾಲದು', 'ಪ್ರೆಸೆನ್ಸ್ ಬೇಕು', 'ಇನ್ನೊಂದು ವರ್ಷ ನೋಡೋಣ' ಅಂತ ಬರೆಯುತ್ತಾರೆ. ಪೆನ್ನು ಕೆಳಗಿಟ್ಟ ಮೇಲೆ "ಆ ಜುಟ್ಟು ನೋಡಿದ್ರಾ?" ಎಂದು ನಗುತ್ತಾರೆ. ಒಮ್ಮೆ ಒಬ್ಬರು 'ಪಾಲಿಶ್' ಎಂದು ಬರೆದು ಐದಕ್ಕೆ ಮೂರು ಅಂಕ ಕೊಟ್ಟರು. "ಸರ್, ಒಂದು ಉದಾಹರಣೆ ಬರೆಯಿರಿ, ನಾನು ಅವರಿಗೆ ಫೀಡ್‌ಬ್ಯಾಕ್ ಕೊಡಬೇಕು" ಅಂದೆ. ಪೆನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತರು. ಆಮೇಲೆ ಮೂರನ್ನು ಹೊಡೆದು ನಾಲ್ಕು ಮಾಡಿದರು. ಮನುಷ್ಯ ಕೆಟ್ಟವರಲ್ಲ, ಬರೆಯಲು ಹೋದಾಗ ಬರೆಯುವಂಥದ್ದು ಏನೂ ಇರಲಿಲ್ಲ ಅಷ್ಟೇ.

ಈ ಬಗ್ಗೆ ಅಧ್ಯಯನವೂ ಆಗಿದೆ. ಅಮೆರಿಕದ ಇಬ್ಬರು ಸಂಶೋಧಕಿಯರು 2020ರಲ್ಲಿ ಪ್ರಕಟಿಸಿದ್ದು. ಕಪ್ಪು ಹೆಂಗಸರ ಗುಂಗುರು ಕೂದಲು, ಹೆಣೆದ ಜಡೆಗಳನ್ನು ನೋಡಿದವರು, ನೇರ ಕೂದಲಿನವರಿಗೆ ಹೋಲಿಸಿ ಇವರು ಅಷ್ಟು ಪ್ರೊಫೆಷನಲ್ ಅಲ್ಲ ಎಂದು ಅಂಕ ಕೊಟ್ಟರು. ಈ ಭೇದ ಕನ್ಸಲ್ಟಿಂಗ್ ಕೆಲಸಕ್ಕೆ ಕಾಣಿಸಿತು, ಜಾಹೀರಾತು ಕೆಲಸಕ್ಕೆ ಬಂದಾಗ ಇಲ್ಲವಾಯಿತು. ಅದು ಹೆಂಗಸರ ಮೇಲೆ ಮಾಡಿದ್ದು, ನಿನಗೆ ಹಾಗೇ ಅನ್ವಯಿಸಲು ಆಗುವುದಿಲ್ಲ. ಆದರೆ ಅದೇ ತಲೆಗೆ ಒಂದು ಕೆಲಸದಲ್ಲಿ ಅಂಕ ಕಡಿಮೆ, ಇನ್ನೊಂದರಲ್ಲಿ ಏನೂ ಇಲ್ಲ ಅನ್ನುವುದನ್ನು ನಾನೂ ನೋಡಿದ್ದೇನೆ.

ಹೊರಗಿನಿಂದ ಬರುವ ಹೊಸಬರಿಗೆ ಇದರ ಪೆಟ್ಟು ಜಾಸ್ತಿ. ಪ್ಯಾನೆಲ್‌ಗೆ ಅವರ ಬಗ್ಗೆ ಗೊತ್ತಿರುವುದು ಒಂದು ಹಾಳೆ ಬಯೋಡೇಟಾ, ಒಂದು ಮುಖ, ಅಷ್ಟೇ. ನಿನ್ನದು ಹಾಗಲ್ಲ, ನೀನು ಒಳಗಿನವನು. ನಿನ್ನ ಆಡಿಟ್ ಫೈಲ್‌ಗಳನ್ನು ಅವರೇ ಸಹಿ ಮಾಡಿದ್ದಾರೆ.

ನಾನಾಗಿದ್ದರೆ ಮೊದಲು ಲಿಫ್ಟ್ ಪಾರ್ಟ್‌ನರ್ ಹತ್ತಿರ ಹೋಗಿ ನೇರವಾಗಿ ಕೇಳುತ್ತಿದ್ದೆ: "ಸರ್, ನೀವು ಹೇಳಿದ್ದು ನಿಮ್ಮ ಸಲಹೆಯಾ, ಪ್ಯಾನೆಲ್‌ನಲ್ಲಿ ಯಾರಾದರೂ ಆಡಿದ ಮಾತಾ?" ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಅವರು ಕೊಟ್ಟ ಕಾರಣ ಕ್ಲೈಂಟ್ ತಾನೇ? ಹಾಗಾದರೆ ಕ್ಲೈಂಟ್‌ನ್ನೇ ಕರೆದುಕೊಂಡು ಬಾ. ಎರಡು ಮೂರು ಕಡೆಯಿಂದ ನಿನ್ನ ಕೆಲಸದ ಬಗ್ಗೆ ಮೇಲ್ ತರಿಸು, ಪ್ಯಾನೆಲ್‌ಗೆ ಕಳಿಸುವ ಕಡತದಲ್ಲಿ ಹಾಕು. ಕೂದಲಿನ ಬಗ್ಗೆ ಒಂದಕ್ಷರ ಬೇಡ.

ಕಪ್ಪುಕೋಟು:

ಅಕ್ಕ ಹೇಳಿದ 'ಕ್ಲೈಂಟ್' ಕಥೆ ಇವತ್ತಿನದಲ್ಲ. 1970ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಒಬ್ಬ ಯುವಕ ಪತ್ರಿಕೆಯೊಂದಕ್ಕೆ ಪುಟ ವಿನ್ಯಾಸದ ಕೆಲಸ ಕೇಳಿಕೊಂಡು ಹೋದ. ಹೆಗಲುದ್ದ ಕೂದಲಿದೆ ಎಂದು ಕೆಲಸ ಕೊಡಲಿಲ್ಲ. ಕಾರಣ ಏನು ಗೊತ್ತಾ? ಅದೇ ಬೇಸಗೆಯಲ್ಲಿ ಹತ್ತಿರದ ಊರಲ್ಲಿ ದೊಡ್ಡ ಸಂಗೀತೋತ್ಸವ ನಡೆದಿತ್ತು, ಉದ್ದ ಕೂದಲಿನ ಹುಡುಗರೆಂದರೆ ಊರಿನ ವ್ಯಾಪಾರಿಗಳಿಗೆ ಆಗುತ್ತಿರಲಿಲ್ಲ, ಇವನನ್ನು ನೋಡಿದರೆ ಜಾಹೀರಾತು ಕೊಡುವವರು ಮುಖ ಸಿಂಡರಿಸುತ್ತಾರೆ ಅಂತ. ಹೆಂಗಸರಿಗೆ ಉದ್ದ ಕೂದಲು ಬಿಡುತ್ತೀರಿ, ನನಗೆ ಯಾಕಿಲ್ಲ ಎಂದು ಅವನು ಕೋರ್ಟಿಗೆ ಹೋದ. 1975ರಲ್ಲಿ ಮೇಲ್ಮನವಿ ಕೋರ್ಟು ಪತ್ರಿಕೆಯ ಪರ ತೀರ್ಪು ಕೊಟ್ಟಿತು. ಕೂದಲು ಕತ್ತರಿಸಿಕೊಳ್ಳಬಹುದಲ್ಲ, ಬದಲಾಯಿಸಲು ಆಗದ ಗುಣ ಏನಲ್ಲವಲ್ಲ ಅನ್ನುವುದು ವಾದದ ತಿರುಳು.

ಮರುವರ್ಷ, 1976ರಲ್ಲಿ, ಪೊಲೀಸರ ಕೂದಲಿನ ಉದ್ದಕ್ಕೆ ಮಿತಿ ಹಾಕಿದ್ದು ಸರಿ ಎಂದು ಅಮೆರಿಕದ ಸುಪ್ರೀಂ ಕೋರ್ಟೇ ಹೇಳಿತು. ಇಂಗ್ಲೆಂಡಿನಲ್ಲಿ 1996ರಲ್ಲಿ ಸೂಪರ್ ಮಾರ್ಕೆಟ್ ಕೌಂಟರಿನ ಒಬ್ಬ ಹುಡುಗ ಜುಟ್ಟಿನ ವಿಷಯದಲ್ಲಿ ಕೆಲಸ ಕಳೆದುಕೊಂಡು ಕೇಸು ಹಾಕಿದ, ಸೋತ. ಅದೇ ಕೌಂಟರಿನ ಹೆಂಗಸರು ಹೆಗಲುದ್ದದ ಕೂದಲಿಗೆ ಕ್ಲಿಪ್ ಹಾಕಿಕೊಂಡು ಇರಬಹುದಿತ್ತು!

ಗಾಳಿ ಸ್ವಲ್ಪ ತಿರುಗಿದ್ದು ಇತ್ತೀಚೆಗೆ. ಏರ್ ಫ್ರಾನ್ಸ್‌ನ ಒಬ್ಬ ಸ್ಟೀವರ್ಡ್ 2005ರಿಂದ ಜಡೆಗಳನ್ನು ಹೆಣೆದು ಹಿಂದೆ ತುರುಬು ಕಟ್ಟಿಕೊಂಡು ಬರತೊಡಗಿದರು. ವಿಮಾನ ಹತ್ತಲು ಬಿಡಲಿಲ್ಲ. ಕೆಲಸ ಉಳಿಸಿಕೊಳ್ಳಲು ಕೆಲವು ಕಾಲ ಅದರ ಮೇಲೆ ವಿಗ್ ಹಾಕಿಕೊಂಡು ಹಾರಿದರು ಪಾಪ. ಅದೇ ಜಡೆ, ಅದೇ ತುರುಬಿಗೆ ಗಗನಸಖಿಯರಿಗೆ ಅನುಮತಿ ಇತ್ತು. 2022ರ ನವೆಂಬರಿನಲ್ಲಿ ಫ್ರಾನ್ಸಿನ ಅತ್ಯುನ್ನತ ಕೋರ್ಟು ಇದು ಲಿಂಗ ತಾರತಮ್ಯ ಎಂದಿತು. 1975ರಲ್ಲಿ ಸೋತ ವಾದ ಇಲ್ಲಿ ಗೆದ್ದಿತು.

ಅಮೆರಿಕದ ಕ್ರೌನ್ ಆಕ್ಟ್ ಬಗ್ಗೆ ಕೇಳಿರುತ್ತೀರಿ. ಮೊದಲು ತಂದಿದ್ದು ಕ್ಯಾಲಿಫೋರ್ನಿಯಾ, 2019ರಲ್ಲಿ. ಆಮೇಲೆ ಬೇರೆ ರಾಜ್ಯಗಳೂ ತಂದವು. ಜನಾಂಗದ ಜೊತೆ ಬಂದ ಕೂದಲಿನ ಗುಣ, ಜಡೆ, ಲಾಕ್ಸ್ (ಹಗ್ಗದ ಹಾಗೆ ಹೊಸೆದು ಬಿಟ್ಟ ಕೂದಲು) ಇವಕ್ಕೆ ಅದು ರಕ್ಷಣೆ ಕೊಡುತ್ತದೆ. ಉದ್ದದ ಮಾತು ಬಂದರೆ ತಕರಾರು. ಟೆಕ್ಸಸ್‌ನಲ್ಲಿ ಲಾಕ್ಸ್ ಬಿಟ್ಟ ಒಬ್ಬ ಹೈಸ್ಕೂಲ್ ಹುಡುಗನನ್ನು ಶಾಲೆ ತಿಂಗಳುಗಟ್ಟಲೆ ತರಗತಿಯಿಂದ ಹೊರಗಿಟ್ಟಿತು. ಅಲ್ಲಿ ಆ ಕಾನೂನು ಇದ್ದೂ, ಉದ್ದದ ನಿಯಮಕ್ಕೆ ಅದು ಅಡ್ಡಿ ಬರುವುದಿಲ್ಲ ಎಂದು 2024ರ ಫೆಬ್ರವರಿಯಲ್ಲಿ ನ್ಯಾಯಾಧೀಶರು ಹೇಳಿದರು. ಲಾಕ್ಸ್ ಬಿಡಬಹುದು, ಆದರೆ ಇಷ್ಟೇ ಉದ್ದ! ಬೆಳೆಯದೆ ಲಾಕ್ಸ್ ಆಗುವುದು ಹೇಗೆ ಅಂತ ಅವರೇ ಹೇಳಬೇಕು.

ಇನ್ನೊಂದು ತಮಾಷೆ. ನಮ್ಮ ವಕೀಲಿ ವೃತ್ತಿ ಬಲು ಸಂಪ್ರದಾಯದ್ದು ಅನ್ನುತ್ತಾರಲ್ಲ, ಇಂಗ್ಲೆಂಡಿನ ಕೋರ್ಟುಗಳಲ್ಲಿ ಗಂಡಸರು ಹದಿನೇಳನೇ ಶತಮಾನದಿಂದ ಸುರುಳಿ ಸುರುಳಿ ಟೋಪನ್ ಹಾಕಿಕೊಂಡೇ ವಾದ ಮಾಡಿದ್ದು. ಸಿವಿಲ್ ಮತ್ತು ಕೌಟುಂಬಿಕ ಮೊಕದ್ದಮೆಗಳಲ್ಲಿ ನ್ಯಾಯಾಧೀಶರು ಅದನ್ನು ಬಿಟ್ಟಿದ್ದು 2008ರಲ್ಲಿ. ಕುದುರೆ ಕೂದಲಿನ ಗುಂಗುರು ಗೌರವ ತರುತ್ತದೆ, ಸ್ವಂತದ್ದು ತರುವುದಿಲ್ಲ.

ಗುಂಗುರುತಲೆ:

ಎಲ್ಲರಿಗೂ ಥ್ಯಾಂಕ್ಸ್. ಅಕ್ಕ, ಪಾರ್ಟ್‌ನರ್ ಹತ್ತಿರ ಹೋಗಿ ಕೇಳಿದೆ. ಪ್ಯಾನೆಲ್‌ನಲ್ಲಿ ಯಾರೂ ಏನೂ ಅಂದಿಲ್ಲವಂತೆ. "ನಮ್ಮ ಕಾಲದಲ್ಲಿ ಮೀಸೆಗೂ ಮಾತು ಕೇಳಬೇಕಿತ್ತು, ಅದಕ್ಕೇ ಹೇಳಿದೆ" ಅಂದರು. ಪಾಪ, ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೆ ಅವರು ಹೆದರಿದ ಹೆದರಿಕೆಯನ್ನು ನನಗೆ ದಾಟಿಸಿದರು ಅಷ್ಟೇ ಅಂತ ಈಗ ಅನ್ನಿಸುತ್ತಿದೆ.

ಲಿಖಿತ ನಿಯಮ ಕೂಡ ತೆಗೆಸಿ ನೋಡಿದೆ. ಒಂದೇ ಸಾಲು: ಕೂದಲು ಸ್ವಚ್ಛವಾಗಿ, ಅಚ್ಚುಕಟ್ಟಾಗಿ ಇರಬೇಕು. ಗಂಡು ಹೆಣ್ಣು ಅನ್ನುವ ಭೇದ ಇಲ್ಲ, ಅಳತೆ ಇಲ್ಲ. ಕಪ್ಪುಕೋಟು ಸರ್, ಹಾಗಾದರೆ ನಿಯಮ ನನ್ನ ಪರ ಅಲ್ವಾ?

ಖಡಕ್ ಮಾತು ಗುರುಗಳೇ, ಆಮೇಲೆ ಬೆಳೆಸು ಅನ್ನುವುದು ಸುಲಭ. ಕೂದಲು ಬೆಳೆಯುವುದು ತಿಂಗಳಿಗೆ ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್. ನನ್ನದರಲ್ಲಿ ಅರ್ಧ ಸುರುಳಿಗೇ ಹೋಗುತ್ತದೆ. ನುಣ್ಣಗೆ ತೆಗೆಸಿದರೆ ಮತ್ತೆ ಕಟ್ಟುವಷ್ಟು ಆಗಲು ವರ್ಷದ ಮೇಲೆಯೇ ಬೇಕು. ಅದರಲ್ಲಿ ಬಹುಪಾಲು ಆ ಉಬ್ಬಿದ ತಲೆ. ಹೊಸ ಡೈರೆಕ್ಟರ್ ಆಗಿ ಕ್ಲೈಂಟ್ ಬೋರ್ಡ್ ಮುಂದೆ ಆ ತಲೆ ಹೊತ್ತುಕೊಂಡು ಹೋಗುವುದಕ್ಕಿಂತ ಈಗಿನದೇ ಎಷ್ಟೋ ವಾಸಿ.

ಕಪ್ಪುಕೋಟು:

ನಿಯಮ ನಿಮ್ಮ ಪರ, ಸರಿ. ಆದರೆ ಬಡ್ತಿ ನಿಯಮದಿಂದ ಸಿಗುವುದಿಲ್ಲ, ಮೂರು ಜನರ ಅಭಿಪ್ರಾಯದಿಂದ ಸಿಗುತ್ತದೆ. ಆ ಸಾಲನ್ನು ಪ್ರಿಂಟ್ ತೆಗೆದು ಜೇಬಲ್ಲಿಟ್ಟುಕೊಳ್ಳಿ, ಹೊರಗೆ ತೆಗೆಯಬೇಡಿ. ಯಾರಾದರೂ ಕೂದಲಿನ ಮಾತೆತ್ತಿದರೆ "ಕಂಪನಿಯ ನಿಯಮದಲ್ಲಿ ಅಚ್ಚುಕಟ್ಟು ಅಂತ ಇದೆ, ಅದನ್ನು ಪಾಲಿಸುತ್ತಿದ್ದೇನೆ" ಅನ್ನಿ, ಮುಂದಿನ ಪ್ರಶ್ನೆಗೆ ಹೋಗಿ. ಏರ್ ಫ್ರಾನ್ಸ್ ಕಥೆ ಅಲ್ಲಿ ಹೇಳಲು ಹೋಗಬೇಡಿ ಮಾರಾಯ್ರೇ.

ಖಡಕ್ ಮಾತು:

ನನ್ನ ಮಾತು ನನ್ನದು. ಪ್ಯಾನೆಲ್‌ನಲ್ಲಿ ಒಬ್ಬನಿಗೆ ಇಷ್ಟ ಆಗದಿದ್ದರೂ ಸಾಕು. ಸಂಬಳದಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆ ಲೆಕ್ಕ ಹಾಕು, ಆಮೇಲೆ ಸುರುಳಿ ಸುತ್ತಿಕೋ.

ಎಚ್‌ಆರ್ ಅಕ್ಕ:

ಖಡಕ್ ಅವರು ಹೇಳುವುದನ್ನು ನಾನು ತಳ್ಳಿಹಾಕುವುದಿಲ್ಲ. ಮೊದಲ ಕೆಲಸಕ್ಕೆ ಹೋಗುವ ಹುಡುಗ ಕೇಳಿದ್ದರೆ, ಮನೆ ನಡೆಸುವ ಹೊಣೆ ಅವನ ಮೇಲಿದ್ದರೆ, ನಾನೂ ಕತ್ತರಿಸು ಅನ್ನುತ್ತಿದ್ದೆನೋ ಏನೋ. ಹೇಳಿ ಬೇಜಾರೂ ಪಡುತ್ತಿದ್ದೆ. ಇವನ ವಿಷಯ ಬೇರೆ. ಇಷ್ಟು ದಿನ ಇದೇ ತಲೆಯಲ್ಲಿ ನೋಡಿದವರ ಮುಂದೆ ಪ್ಯಾನೆಲ್ ದಿನ ಬೋಳು ತಲೆಯಲ್ಲಿ ಹೋದರೆ ಮೊದಲ ಐದು ನಿಮಿಷ ಅದೇ ಮಾತಾಗುತ್ತದೆ. ಕೂದಲಿನಿಂದ ಗಮನ ತಪ್ಪಿಸಲು ಹೋಗಿ ಗಮನ ಪೂರ್ತಿ ಅಲ್ಲಿಗೇ ಹೋಗುತ್ತದೆ.

ಜುಟ್ಟಿನ ಮಾಮ:

ನಾನು ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡುವ ವಿಭಾಗದವನು, ಜುಟ್ಟಿಗೆ ಈಗ ನರೆ ಬಂದಿದೆ. ಕಾನೂನು, ಅಧ್ಯಯನ ಎಲ್ಲ ಮೇಲಿನವರು ಹೇಳಿದರು. ನಾನು ಕಟ್ಟುವ ವಿಷಯ ಹೇಳುತ್ತೇನೆ.

ಗಂಟು ನೆತ್ತಿ ಮೇಲೆ ಬೇಡ, ಕತ್ತಿನ ಹತ್ತಿರ ಕೆಳಗೆ ಇರಲಿ. ಮುಂದಿನಿಂದ ನೋಡಿದರೆ ಕ್ರಾಪ್ ಥರವೇ ಕಾಣುತ್ತದೆ. ವಿಡಿಯೋ ಕಾಲ್‌ನಲ್ಲಿ ಮಾತ್ರ ನೋಡಿದ್ದ ಗ್ರಾಹಕರೊಬ್ಬರು ಎದುರಿಗೆ ಸಿಕ್ಕಾಗ ನಾನು ಆ ಕಡೆ ತಿರುಗಿದ ಮೇಲೆಯೇ ಅವರಿಗೆ ಜುಟ್ಟು ಕಂಡಿದ್ದು. ಅಷ್ಟು ಹೊತ್ತಿಗೆ ಸಾಲದ ಮಾತು ಮುಗಿದಿತ್ತು.

ತುಂಬಾ ಬಿಗಿಯಾಗಿ ಎಳೆದು ಕಟ್ಟಬೇಡ. ದಿನಾ ಎಳೆದರೆ ಹಣೆಯ ಮೇಲಿನ ಕೂದಲು ಬುಡದಿಂದ ಸಡಿಲವಾಗಿ ಉದುರಲು ಶುರುವಾಗುತ್ತದೆ, ಹಾಗೇ ಬಿಟ್ಟರೆ ಮತ್ತೆ ಬರುವುದೂ ಇಲ್ಲ. ಮನೆಗೆ ಬಂದ ಕೂಡಲೇ ಬಿಚ್ಚಿಬಿಡು. ಒದ್ದೆ ಕೂದಲು ಕಟ್ಟಬೇಡ, ಆಗ ಅದು ಬೇಗ ತುಂಡಾಗುತ್ತದೆ. ಬರೀ ರಬ್ಬರ್ ಬ್ಯಾಂಡ್ ಹಾಕಬೇಡ, ಬಿಚ್ಚುವಾಗ ಕೂದಲು ಕಿತ್ತುಕೊಂಡು ಬರುತ್ತದೆ. ಬಟ್ಟೆ ಸುತ್ತಿದ ಕಪ್ಪು ಬ್ಯಾಂಡ್ ಸಿಗುತ್ತದೆ, ಅದು ತಗೋ. ಕತ್ತಿನ ಮೇಲೆ ಚದುರಿ ಬರುವ ಚಿಕ್ಕ ಕೂದಲನ್ನು ಮಾತ್ರ ಪ್ಯಾನೆಲ್‌ಗೆ ಎರಡು ದಿನ ಮುಂಚೆ ಮೆಷಿನ್ ಹಾಕಿಸಿ ಗೆರೆ ತೆಗೆಸು. 'ನೀಟ್' ಅನ್ನುವವರ ಕಣ್ಣು ಹೋಗುವುದು ಅಲ್ಲಿಗೇ, ಜುಟ್ಟಿಗಲ್ಲ. ಜೇಬಿನಲ್ಲಿ ಇನ್ನೊಂದು ಬ್ಯಾಂಡ್ ಇರಲಿ.