ಸಹಾಯ ಬೇಕು: ಬಿವಿ ಚೀಲದೊಳಗೆ ತೇವ, ಚಳಿಗೆ ಮಂಕಾಗುವ ಸ್ಟವ್

ಚಳಿಗಾಲದ ಒಂದು ದಿನದ ಹೈಕ್‌ನಲ್ಲಿ ತುರ್ತು ಸಾಮಾನು ಪರೀಕ್ಷಿಸುತ್ತಿದ್ದೇವೆ, −6 ಡಿಗ್ರಿಯಲ್ಲಿ. ವಾಹನ ಹತ್ತು ನಿಮಿಷದ ನಡಿಗೆಯಲ್ಲೇ ಇರುತ್ತದೆ, ಆದ್ದರಿಂದ ಅಪಾಯದ ಮಾತು ಬೇಡ.

ಬಿವಿ ಚೀಲ (ತುರ್ತಿಗೆ ಬಯಲಲ್ಲಿ ಒಳಗೆ ಸೇರಿಕೊಳ್ಳುವ ಹೊದಿಕೆ ಚೀಲ) ಬೆಳ್ಳಿ ಹಾಳೆಯದು, ಆವಿ ಹೊರಹೋಗದಂಥದ್ದು. ಕೆಳಗೆ ಫೋಮ್ ಮ್ಯಾಟ್ ಹಾಸಿ, ಡೌನ್ ಜಾಕೆಟ್ ತೊಟ್ಟು 40 ನಿಮಿಷ ಕೂತರೆ ಚೀಲದ ಒಳಮೈಯಲ್ಲಿ ಹನಿ ಕಟ್ಟುತ್ತದೆ. ಭುಜ, ತೋಳು ತಾಗಿದಲ್ಲೆಲ್ಲ ಜಾಕೆಟ್ ಒದ್ದೆಯಾಗಿ ಒಳಗಿನ ತುಪ್ಪುಳ ಮುದ್ದೆಯಾಗುತ್ತದೆ. ಮುಖ ಹೊರಗಿಟ್ಟರೂ ಅಷ್ಟೇ. ಮೈಯ ಆವಿಯೇ ಸಾಕು. ಮೇಲೆ ರೇನ್ ಜಾಕೆಟ್ ಹಾಕಿದರೆ ಹನಿ ತಡೆಯುತ್ತದಾ, ಇಲ್ಲ ಆವಿ ಅದರೊಳಗೇ ನಿಲ್ಲುತ್ತದಾ? ಸಿಂಥೆಟಿಕ್ ಜಾಕೆಟ್ಟೇ ಮೇಲಾ?

ಇನ್ನು ಸ್ಟವ್. ಐಸೊಬ್ಯುಟೇನ್-ಪ್ರೊಪೇನ್ ಅನಿಲ ಮಿಶ್ರಣದ ಕ್ಯಾನ್ ತುಂಬಿದ್ದಾಗ ಸರಿ. ಕಾಲುಭಾಗಕ್ಕೆ ಇಳಿದ ಮೇಲೆ ಅರ್ಧ ಲೀಟರ್ ನೀರಿನಷ್ಟು ಹಿಮ ಕರಗುವುದರೊಳಗೆ ಜ್ವಾಲೆ ಕುಗ್ಗುತ್ತದೆ. ಪ್ರೊಪೇನ್ ಮೊದಲು ತೀರುತ್ತದೆ. ಉಳಿದ ಐಸೊಬ್ಯುಟೇನ್ ಕುದಿಯುವುದು −12ರ ಹತ್ತಿರ, ಆವಿಯಾಗುತ್ತಾ ಕ್ಯಾನನ್ನೇ ತಣ್ಣಗಾಗಿಸುತ್ತದೆ, ಹಾಗಾಗಿ ಒತ್ತಡ ಇಳಿಯುತ್ತದೆ. ಕ್ಯಾನನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿದರೆ ಚೇತರಿಸಿಕೊಳ್ಳುತ್ತದೆ, ಆದರೆ ಹಿಮ ಕರಗಿಸಲು ಕೂತವರಿಗೆ ನೀರೆಲ್ಲಿಂದ? ಪ್ರೀಹೀಟ್ ಕೊಳವೆಯ (ಇಂಧನವನ್ನು ಜ್ವಾಲೆಯ ಬಳಿ ಹಾಯಿಸಿ ಆವಿ ಮಾಡುವ ಕೊಳವೆ) ಸ್ಟವ್‌ನಲ್ಲಿ, ಇಂಧನ ದ್ರವವಾಗಿಯೇ ಹೊರಬರಲೆಂದು ಕ್ಯಾನ್ ತಲೆಕೆಳಗು ಮಾಡಿ ಬಳಸುವವರು, ಹಚ್ಚಿದ ಎಷ್ಟು ಹೊತ್ತಿಗೆ ತಿರುಗಿಸುತ್ತೀರಿ, ಕೈಗವಸು ಹಾಕಿಕೊಂಡೇ ವಾಲ್ವ್ ಹಿಡಿತಕ್ಕೆ ಬರುತ್ತದಾ ಹೇಳಿ. ಕ್ಯಾನ್ ಸುತ್ತ ವಿಂಡ್‌ಸ್ಕ್ರೀನ್ (ಗಾಳಿ ತಡೆಯುವ ಮರೆ) ಕಟ್ಟಿ ಎನ್ನುವ ಸಲಹೆ ಮಾತ್ರ ಬೇಡ, ಬಿಸಿ ಹೆಚ್ಚಿದರೆ ಸಿಡಿಯುತ್ತದೆ.