ಸನ್ಯಾಸಿ ಏಡಿ: ಒಂದು ಮರಳಿನೊಳಗೆ ಹೋಗಿ 24 ದಿನ, ಇನ್ನೊಂದು ಚಿಪ್ಪಿನಿಂದ ಜೋತುಬಿದ್ದಿದೆ, ಮಾಪಕ ಮಾತ್ರ ಎಲ್ಲವೂ ಸರಿ ಎನ್ನುತ್ತಿದೆ

ಪ್ರಶ್ನೆ

ನಮಸ್ಕಾರ. ಹರ್ಮಿಟ್ ಕ್ರ್ಯಾಬ್ ಎಂದು ಮಾರುವ, ಬಸವನಹುಳುವಿನ ಖಾಲಿ ಚಿಪ್ಪಿನಲ್ಲಿ ವಾಸಿಸುವ ನೆಲವಾಸಿ ಸನ್ಯಾಸಿ ಏಡಿಗಳೆರಡು ನಮ್ಮಲ್ಲಿಗೆ ಬಂದು ಆರು ವಾರಗಳಾದವು. ಎರಡರದ್ದೂ ಎಡಗಡೆಯ ದೊಡ್ಡ ಇಕ್ಕಳ ನೇರಳೆ ಬಣ್ಣದ್ದು. ಕೆರಿಬಿಯನ್ ಜಾತಿಯವೆಂದು ತಿಳಿದುಕೊಂಡಿದ್ದೇನೆ. 60 ಲೀಟರಿನ ಗಾಜಿನ ತೊಟ್ಟಿ, ಅದಕ್ಕೆ ತಂತಿ ಬಲೆಯ ಮುಚ್ಚಳ, ತಳದಲ್ಲಿ ಮರಳು ಮತ್ತು ತೆಂಗಿನ ನಾರಿನ ಪುಡಿಯ ಮಿಶ್ರಣ 10 ಸೆಂ.ಮೀ. ಆಳ, ಮೂಲೆಯಲ್ಲಿ ಸ್ಪಂಜು ಹಾಕಿದ ಒಂದು ನೀರಿನ ಬಟ್ಟಲು. ತಾಪಮಾನ 26 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಗಾಳಿಯ ಆರ್ದ್ರತೆ (ತೇವಾಂಶ) ಅಳೆಯುವ ಮುಳ್ಳಿನ ಹೈಗ್ರೋಮೀಟರ್ ಸದಾ ಶೇ. 80ರ ಆಸುಪಾಸು ತೋರಿಸುತ್ತದೆ.

ದೊಡ್ಡ ಏಡಿ 24 ದಿನಗಳ ಹಿಂದೆ ಮರಳು ತೋಡಿಕೊಂಡು ಒಳಗೆ ಹೋದದ್ದು ಈವರೆಗೆ ಮೇಲೆ ಬಂದಿಲ್ಲ. ಚಿಕ್ಕದು ಹಗಲಿರುಳೂ ಬಟ್ಟಲಿನ ಪಕ್ಕದಲ್ಲೇ, ಅರ್ಧ ಮೈಯನ್ನು ಚಿಪ್ಪಿನಿಂದ ಹೊರಗೆ ಚೆಲ್ಲಿಕೊಂಡು ಕುಳಿತಿರುತ್ತದೆ. ಬೆರಳು ತಾಗಿಸಿದರೆ ಬಹಳ ಹೊತ್ತಿನ ಮೇಲೆ ಒಲ್ಲದ ಮನಸ್ಸಿನಿಂದ ಎಂಬಂತೆ ಒಳಗೆ ಸರಿಯುತ್ತದೆ. ಎರಡು ದಿನಗಳಿಂದ ತೊಟ್ಟಿಯಲ್ಲಿ ಕೆಟ್ಟ ವಾಸನೆ ಬೇರೆ. ದೊಡ್ಡದು ಸತ್ತುಹೋಗಿರಬಹುದೆ? ಅಗೆದು ನೋಡಲೆ?

ಮೊದಲ ಉತ್ತರ

ದಯವಿಟ್ಟು ಅಗೆಯಬೇಡಿ. ಅದು ಪೊರೆ ಬಿಡಲು ಒಳಗೆ ಹೋಗಿರುವ ಸಾಧ್ಯತೆಯೇ ಹೆಚ್ಚು, ಮತ್ತು 24 ದಿನ ಎಂಬುದು ಅದಕ್ಕೆ ದೊಡ್ಡ ಅವಧಿಯೇನಲ್ಲ. ನಡುಗಾತ್ರದ ಏಡಿಗಳು ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ ಒಳಗಿರುತ್ತವೆ. ದೊಡ್ಡವು ತಿಂಗಳುಗಟ್ಟಲೆ ಕಾಣಿಸಿಕೊಳ್ಳದೆ ಇರುವುದುಂಟು. ಮರಳಿನಲ್ಲಿ ಸಣ್ಣ ಗವಿಯೊಂದನ್ನು ಮಾಡಿಕೊಂಡು, ಹಳೆಯ ಹೊರಕವಚವನ್ನು ಕಳಚಿ, ಹೊಸ ಕವಚ ಗಟ್ಟಿಯಾಗುವವರೆಗೆ ಮಲಗಿದ್ದು, ಕಳಚಿದ ಕವಚವನ್ನೇ ತಿಂದು ಅದರಲ್ಲಿರುವ ಸುಣ್ಣದ ಅಂಶವನ್ನು ಮತ್ತೆ ಮೈಗೂಡಿಸಿಕೊಂಡ ಮೇಲಷ್ಟೇ ಅದು ಹೊರಬರುತ್ತದೆ. ಈ ಹಂತದಲ್ಲಿ ಅದರ ಕಾಲುಗಳು ಎಷ್ಟು ಮೆತ್ತಗಿರುತ್ತವೆಂದರೆ ಚಮಚದ ತುದಿ ತಾಗಿದರೂ ಹರಿದುಹೋಗಬಹುದು. ಬದುಕಿದೆಯೇ ಎಂದು ನೋಡಲು ಹೋಗಿ ಕೊಂದವರು ನಮ್ಮಲ್ಲಿ ಕಡಿಮೆಯಿಲ್ಲ. ಮೊದಲ ವರ್ಷ ನಾನೂ ಅವರಲ್ಲೊಬ್ಬನಾಗಿದ್ದೆ.

ವಾಸನೆ ಎಂಥದ್ದೆಂದು ತಿಳಿಸಿ. ಸತ್ತ ಏಡಿಯದು ಕೊಳೆತ ಮೀನಿನ ವಾಸನೆ. ಅದರಲ್ಲಿ ಸಂದೇಹಕ್ಕೆ ಎಡೆಯೇ ಇರುವುದಿಲ್ಲ. ಕೆಸರಿನಂತೆ ಅಥವಾ ಕೊಳೆತ ಮೊಟ್ಟೆಯಂತೆ ಇದ್ದರೆ ತಳದಲ್ಲಿ ನೀರು ನಿಂತಿದೆ ಎಂದರ್ಥ. ತೊಟ್ಟಿಯ ಹೊರಗಿನಿಂದ ಗಾಜಿನ ಮೂಲಕ ಮರಳಿನ ಕೆಳತುದಿಯನ್ನು ನೋಡಿ.

ನನಗೆ ಹೆಚ್ಚು ಚಿಂತೆಯಿರುವುದು ಮೇಲಿರುವ ಚಿಕ್ಕದರ ಬಗ್ಗೆ. ಈ ಏಡಿಗಳು ನೆಲದ ಮೇಲಿದ್ದರೂ ಉಸಿರಾಡುವುದು ಮಾರ್ಪಟ್ಟ ಕಿವಿರುಗಳಿಂದ, ಮತ್ತು ಆ ಕಿವಿರುಗಳು ಒಣಗಿದರೆ ಸುತ್ತಲೂ ಗಾಳಿಯಿದ್ದರೂ ಅವು ನಿಧಾನವಾಗಿ ಉಸಿರುಗಟ್ಟುತ್ತವೆ. ನೀರನ್ನು ಬಿಟ್ಟು ಕದಲದಿರುವುದು ಮತ್ತು ಚಿಪ್ಪಿನಿಂದ ಜೋತುಬೀಳುವುದು ಒಣಗಾಳಿಯನ್ನೇ ಸೂಚಿಸುತ್ತವೆ. ತಂತಿ ಬಲೆಯ ಮುಚ್ಚಳವಿರುವ ತೊಟ್ಟಿಯಲ್ಲಿ ಶೇ. 80 ಆರ್ದ್ರತೆ ಸದಾ ನಿಲ್ಲುವುದನ್ನು ನಾನು ಕಂಡಿಲ್ಲ. ಹಾಗಾಗಿ ಮೊದಲು ಮಾಪಕವನ್ನೇ ಅನುಮಾನಿಸುತ್ತೇನೆ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಕರಗದೆ ಹಸಿ ಮರಳಿನಂತಾಗುವಷ್ಟೇ ನೀರಿನ ಹನಿ ಬಿಟ್ಟು, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು 12 ಗಂಟೆ ಮುಟ್ಟದಿರಿ. ಡಬ್ಬಿಯೊಳಗಿನ ಗಾಳಿಯ ಆರ್ದ್ರತೆ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಮುಳ್ಳು ಎಲ್ಲಿದೆ ಎಂದು ನೋಡಿ ಬರೆಯಿರಿ.

ಎರಡನೆಯ ಉತ್ತರ

ಅಲ್ಲಿಯವರೆಗೆ ಚಿಕ್ಕದನ್ನು ದಿನಕ್ಕೆರಡು ಬಾರಿ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ತೆಗೆದರೆ ಚೇತರಿಸಿಕೊಳ್ಳುತ್ತದೆ ಎಂದು ಕೇಳಿದ್ದೇನೆ.

ಮೊದಲ ಉತ್ತರಿಸಿದವರು

ಆ ಪದ್ಧತಿ ಹಿಂದೆ ಚಾಲ್ತಿಯಲ್ಲಿತ್ತು, ಆದರೆ ನಾನು ಒಪ್ಪುವುದಿಲ್ಲ. ಏಡಿ ತನ್ನ ಚಿಪ್ಪಿನೊಳಗೆ ಸಿಹಿನೀರು ಮತ್ತು ಉಪ್ಪುನೀರನ್ನು ತನಗೆ ಬೇಕಾದ ಹದದಲ್ಲಿ ಬೆರೆಸಿ ಇಟ್ಟುಕೊಂಡಿರುತ್ತದೆ. ಬಲವಂತದ ಸ್ನಾನದಿಂದ ಆ ಹದ ಕೆಡುತ್ತದೆ, ಈಗಾಗಲೇ ಸೋತಿರುವ ಪ್ರಾಣಿ ಇನ್ನಷ್ಟು ಸೋಲುತ್ತದೆ. ತಾನಾಗಿಯೇ ಇಳಿದು ಮುಳುಗಿ ಏರಿಬರುವಂತಹ ಕೊಳಗಳನ್ನು ಕೊಡುವುದೇ ಸರಿ.

ಪ್ರಶ್ನೆ ಕೇಳಿದವರು

ಪರೀಕ್ಷೆ ಮಾಡಿದೆ. ಮುಳ್ಳು 93ರಲ್ಲಿ ನಿಂತಿತ್ತು! ಅಂದರೆ 18ರಷ್ಟು ಹೆಚ್ಚಾಗಿ ತೋರಿಸುತ್ತಿದೆ. ನಾನು 80 ಎಂದು ನಂಬಿದ್ದು ನಿಜಕ್ಕೂ ಸುಮಾರು 62. ವಾಸನೆ ಕೆಸರಿನದ್ದೇ, ಮೀನಿನದ್ದಲ್ಲ. ಗಾಜಿನ ಮೂಲಕ ನೋಡಿದರೆ ತಳದಲ್ಲಿ ಎರಡು ಬೆರಳಗಲ ಕಪ್ಪಾದ ಪಟ್ಟಿಯಿದೆ. ಗಾಳಿ ತೇವವಾಗಿರಲೆಂದು ನಾನು ದಿನಕ್ಕೆ ಮೂರು ಬಾರಿ ನೀರು ಚಿಮುಕಿಸುತ್ತಿದ್ದೆ.

ಮೊದಲ ಉತ್ತರಿಸಿದವರು

ಹಾಗಿದ್ದರೆ ನಿಮ್ಮ ಎರಡೂ ತೊಂದರೆಗಳಿಗೆ ಮೂಲ ಒಂದೇ. ನೀವು ಚಿಮುಕಿಸಿದ ನೀರಿನ ಆವಿ ಬಲೆಯ ಮೂಲಕ ಹೊರಟುಹೋಗುತ್ತಿತ್ತು, ಉಳಿದ ನೀರು ಮರಳಿನೊಳಗೆ ಇಳಿದು ತಳದಲ್ಲಿ ನಿಲ್ಲುತ್ತಿತ್ತು. ಮೇಲಿನ ಏಡಿಗೆ ತೇವ ಸಾಲದು, ಕೆಳಗಿನದಕ್ಕೆ ಅತಿಯಾಯಿತು.

ಇಂದೇ ಮುಚ್ಚಳವನ್ನು ಗಾಜಿನ ಹಲಗೆಯಿಂದ, ಸಿಗದಿದ್ದರೆ ದಪ್ಪ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಒಂದು ಅಂಚಿನಲ್ಲಿ ಬೆರಳು ತೂರುವಷ್ಟು ಸಂದಿ ಬಿಡಿ. ಚಿಮುಕಿಸುವುದನ್ನು ನಿಲ್ಲಿಸಿ. ನೀರು ಹೀರಿಟ್ಟುಕೊಳ್ಳುವ ಸ್ಫ್ಯಾಗ್ನಮ್ ಪಾಚಿಯನ್ನು ಒದ್ದೆ ಮಾಡಿ ಹಿಂಡಿ ಒಂದು ಮೂಲೆಯಲ್ಲಿಡಿ. ಡಿಜಿಟಲ್ ಮಾಪಕವೊಂದನ್ನು ಕೊಂಡು ಅದನ್ನೂ ಉಪ್ಪಿನಿಂದ ಪರೀಕ್ಷಿಸಿ, ಮರಳಿನ ಮಟ್ಟಕ್ಕೆ ಹತ್ತಿರದಲ್ಲಿ ಅಂಟಿಸಿ. ಆರ್ದ್ರತೆಯ ಗುರಿ ಶೇ. 75ರಿಂದ 85. ಬಿಸಿಗಾಗಿ ಹೀಟ್ ಮ್ಯಾಟ್ ಬೇಕಾದರೆ ಅದನ್ನು ತೊಟ್ಟಿಯ ಹಿಂಬದಿಯ ಗಾಜಿಗೆ, ಮರಳಿನ ಮಟ್ಟಕ್ಕಿಂತ ಮೇಲೆ ಅಂಟಿಸಬೇಕು, ತಳಕ್ಕಲ್ಲ.

ತಳದ ನೀರನ್ನು ತೆಗೆಯಲು ಎಲ್ಲವನ್ನೂ ಬುಡಮೇಲು ಮಾಡಬೇಕಿಲ್ಲ. ದೊಡ್ಡದು ಇಳಿದ ಜಾಗಕ್ಕೆ ಎದುರಿನ ಮೂಲೆಯಲ್ಲಿ, ತುದಿಗೆ ಬಟ್ಟೆ ಕಟ್ಟಿದ ಸಣ್ಣ ಕೊಳವೆಯನ್ನು ಗಾಜಿಗೆ ಒತ್ತಿ ಮೆಲ್ಲನೆ ತಳದವರೆಗೆ ಇಳಿಸಿ, ಸಿರಿಂಜಿನಿಂದ ಎಳೆಯಿರಿ. ಒಂದೇ ಸಲಕ್ಕೆ ಆಗದಿದ್ದರೆ ಮೂರು ನಾಲ್ಕು ದಿನ ಮಾಡಿ. ಮಿಶ್ರಣದ ಹದವನ್ನು ಮುಂದೆ ಹೀಗೆ ನೆನಪಿಟ್ಟುಕೊಳ್ಳಿ: ಐದು ಪಾಲು ಮರಳಿಗೆ ಒಂದು ಪಾಲು ನಾರಿನ ಪುಡಿ, ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆಯಾಗಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು.

ಸ್ಪಂಜನ್ನು ತೆಗೆದುಬಿಡಿ, ಅದು ಬ್ಯಾಕ್ಟೀರಿಯಾದ ತವರು. ಒಂದು ಬಟ್ಟಲಿನ ಬದಲು ಎರಡು ಇಡಿ: ಒಂದರಲ್ಲಿ ಸಿಹಿನೀರು, ಇನ್ನೊಂದರಲ್ಲಿ ಸಮುದ್ರ ಅಕ್ವೇರಿಯಂಗೆಂದು ಮಾರುವ ಉಪ್ಪಿನ ಮಿಶ್ರಣ ಬೆರೆಸಿದ ನೀರು. ಅಡುಗೆ ಉಪ್ಪು ಬೇಡ. ಅದು ಮಾಪಕದ ಪರೀಕ್ಷೆಗಷ್ಟೇ ಸಾಕು. ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟರೆ ಸಾಕೆಂದು ಹಲವರು ನಂಬಿದ್ದಾರೆ. ಕ್ಲೋರಿನ್ ಹಾಗೆ ಹೋಗಬಹುದು, ಕ್ಲೋರಮಿನ್ (ಕ್ಲೋರಿನ್ ಮತ್ತು ಅಮೋನಿಯಾ ಸೇರಿದ ನೀರಿನ ಸೋಂಕುನಿವಾರಕ) ಹೋಗುವುದಿಲ್ಲ; ಆದ್ದರಿಂದ ಎರಡಕ್ಕೂ ಕ್ಲೋರಿನ್ ನಿವಾರಕ ದ್ರಾವಣ ಬಳಸಿ. ಚಿಪ್ಪು ಸಮೇತ ಮುಳುಗುವಷ್ಟು ಆಳವಿರಲಿ, ಹತ್ತಿಬರಲು ಕಲ್ಲೋ ಬಲೆಯೋ ಇರಲಿ.

ಅಂದಹಾಗೆ, ಚಿಪ್ಪುಗಳಿಗೆ ಬಣ್ಣ ಬಳಿದಿದ್ದರೆ ಇಬ್ಬರಿಗೂ ಸೇರಿ ಬಣ್ಣವಿಲ್ಲದ, ಬಾಯಿ ದುಂಡಗಿರುವ ಏಳೆಂಟು ಟರ್ಬೊ (ಒಂದು ಬಗೆಯ ಕಡಲ ಬಸವನಹುಳು) ಚಿಪ್ಪುಗಳನ್ನು ಕುದಿಸಿ ಆರಿಸಿ ಇಡಿ. ಇಕ್ಕಳಕ್ಕಿಂತ ಬಾಯಿ ತುಸು ಅಗಲವಿರಬೇಕು. ಕಟಲ್ ಮೀನಿನ ಒಳಚಿಪ್ಪು (ಕಟಲ್‌ಬೋನ್) ಅಥವಾ ಪುಡಿ ಮಾಡಿದ ಮೊಟ್ಟೆಚಿಪ್ಪು ಸದಾ ಸಿಗುವಂತಿರಲಿ.

ಪ್ರಶ್ನೆ ಕೇಳಿದವರು (ಐದು ವಾರಗಳ ನಂತರ)

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಮುಚ್ಚಳ ಮುಚ್ಚಿದ ಮೂರನೆಯ ದಿನ ಆರ್ದ್ರತೆ 81ಕ್ಕೆ ಬಂತು, ವಾಸನೆ ವಾರದೊಳಗೆ ಹೋಯಿತು. ಚಿಕ್ಕದು ನಾಲ್ಕನೆಯ ರಾತ್ರಿ ಉಪ್ಪುನೀರಿಗೆ ಇಳಿದು, ಮೀಸೆಗಳನ್ನು ಮಾತ್ರ ನೀರಿನ ಮೇಲೆ ಆಡಿಸುತ್ತಾ ಬಹಳ ಹೊತ್ತು ಕುಳಿತಿತ್ತು. ಈಗ ಬೆರಳು ಹತ್ತಿರ ಹೋದರೆ ಸಾಕು, ಇಕ್ಕಳವನ್ನು ಬಾಗಿಲಿನಂತೆ ಮುಚ್ಚಿಕೊಳ್ಳುತ್ತದೆ. ದೊಡ್ಡದು 58ನೆಯ ದಿನ ಮೇಲೆ ಬಂತು. ತಂದಾಗ ಅದಕ್ಕೆ ಬಲಗಡೆಯ ಒಂದು ಕಾಲು ಇರಲಿಲ್ಲ; ಅದೇ ಜಾಗದಲ್ಲಿ ಈಗ ತೆಳುಬಣ್ಣದ, ಉಳಿದವುಗಳಿಗಿಂತ ಗಿಡ್ಡದಾದ ಕಾಲೊಂದು ಬೆಳೆದಿದೆ. ಮರಳು ಹತ್ತು ಸೆಂಟಿಮೀಟರೇ ಇದೆ. ಈಗ ಹೆಚ್ಚಿಸಲೆ? ಚಿಕ್ಕದರ ಮೈಬಣ್ಣ ಎರಡು ದಿನಗಳಿಂದ ಮಸುಕಾಗಿ, ಕಣ್ಣುಗಳಲ್ಲಿ ಮಂಜು ಕವಿದಂತೆ ಕಾಣುತ್ತಿದೆ, ನೀರನ್ನೂ ಬಹಳ ಕುಡಿಯುತ್ತಿದೆ.

ಮೊದಲ ಉತ್ತರಿಸಿದವರು

ಇಂದೇ ಹೆಚ್ಚಿಸಿ, ನೀವು ಹೇಳಿದ ಮೂರೂ ಪೊರೆ ಬಿಡುವ ಮುನ್ಸೂಚನೆಗಳು, ಅದು ಯಾವ ರಾತ್ರಿಯಲ್ಲಾದರೂ ಒಳಗೆ ಹೋಗಬಹುದು. ಎರಡೂ ಮೇಲಿರುವ ಇಂಥ ದಿನಗಳು ಅಪರೂಪ. ಹಳೆಯ ಮಿಶ್ರಣವನ್ನು ಪೂರ್ತಿ ತೆಗೆದು, ಹೊಸದನ್ನು ಕನಿಷ್ಠ 15 ಸೆಂ.ಮೀ. ಆಳಕ್ಕೆ ಒತ್ತಿ ತುಂಬಿಸಿ. ಮುಗಿಯುವವರೆಗೆ ಎರಡನ್ನೂ ಪಾಚಿ ಹಾಸಿದ ಮುಚ್ಚಳದ ಡಬ್ಬಿಯಲ್ಲಿಡಿ, ಗಾಳಿಗೆ ನಾಲ್ಕು ರಂಧ್ರ ಸಾಕು.